ಸೀತಾಬರ್ಡಿಯಲ್ಲಿ ಇಲ್ಲದ ರಿವಾಲ್ವರ್

ನಾಗಪುರಕ್ಕೆ ಬರುವ ಗೆಳೆಯರನ್ನು ನಾನು 'ಅಜಬ್ ಬಂಗ್ಲಾ'ಗೆ ಕರೆದೊಯ್ಯುತ್ತೇನೆ. 1863ರಲ್ಲಿ ಶುರುವಾದ ಈ ಸಂಗ್ರಹಾಲಯದ ಆಯುಧ ವಿಭಾಗದಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ: ಸೀತಾಬರ್ಡಿ ಯುದ್ಧದಲ್ಲಿ ರಿವಾಲ್ವರ್ ಇತ್ತೇ?

ಇರಲಿಲ್ಲ. 1817ರ ನವೆಂಬರಿನಲ್ಲಿ ಅಪ್ಪಾಸಾಹೇಬ ಭೋಂಸ್ಲೆಯ ಸೈನ್ಯ ಮತ್ತು ಕಂಪನಿಯ ಪಡೆ ಆ ಗುಡ್ಡದ ಮೇಲೆ ಕಾದಾಡಿದಾಗ ಕೈಯಲ್ಲಿದ್ದವು ಬತ್ತಿಯಿಂದಲೋ ಚಕಮಕಿ ಕಲ್ಲಿನ ಕಿಡಿಯಿಂದಲೋ ಹಾರುವ ಬಂದೂಕುಗಳು. ಒಂದು ಗುಂಡು ಹಾರಿಸಿದರೆ ಮತ್ತೆ ಮದ್ದು ತುಂಬಬೇಕು. ಗುಂಡುಗಳನ್ನು ಹೊತ್ತು ತಿರುಗುವ ಉರುಳೆಗೆ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. 1857ರ ಹೊತ್ತಿಗೆ ಕೋಲ್ಟ್, ಆಡಮ್ಸ್ ರಿವಾಲ್ವರ್‌ಗಳು ಬ್ರಿಟಿಷ್ ಅಧಿಕಾರಿಗಳ ಸೊಂಟಕ್ಕೆ ಬಂದಿದ್ದವು. 1887ರಲ್ಲಿ ಅವರ ಸೈನ್ಯ ವೆಬ್ಲಿಯನ್ನು ಒಪ್ಪಿಕೊಂಡಿತು.

ಸಂಗ್ರಾಹಕರು ಇಂದು ಮೆಚ್ಚುವುದು ಅದೇ ವೆಬ್ಲಿಯ ಉಕ್ಕು, ಹಿಡಿ, ಮಧ್ಯದಲ್ಲಿ ಮಡಚಿಕೊಳ್ಳುವ ಚೌಕಟ್ಟು. ನನಗೆ ಕಾಡುವುದು ಬೇರೆ: ಅದನ್ನು ಯಾರು ಇಟ್ಟುಕೊಳ್ಳಬಹುದಿತ್ತು? 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರನ್ನು ಬಹುಮಟ್ಟಿಗೆ ಬಿಟ್ಟಿತು. ನಮ್ಮ ಕೊಡಗಿನವರಿಗೆ 1861ರಲ್ಲೇ ಸಿಕ್ಕಿದ್ದ ಕೋವಿಯ ವಿನಾಯಿತಿ ಮುಂದುವರಿದು, ಇಂದಿಗೂ ಇದೆ. ಅಲ್ಲಿ ಕೋವಿ ಮನೆಯ ಗೌರವ, ಹಬ್ಬದ ಸಂಗಾತಿ. ಉಳಿದೆಡೆ ಅದು ದೊರೆಯ ಗುರುತು.

1959ರ ಕಾಯ್ದೆ ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧವನ್ನು ಹೊರಗಿಟ್ಟಿದೆ. ಹಾರಬಲ್ಲದ್ದಾದರೆ, ಹಳೆಯದೆಂಬ ಮಾತ್ರಕ್ಕೆ ಲೈಸೆನ್ಸ್ ತಪ್ಪದು. ಹಾಗಾಗಿ ಹಳೆಯ ರಿವಾಲ್ವರ್ ಕಂಡಾಗ ತಯಾರಕರ ಹೆಸರಿನ ಜೊತೆ ಅದು ಯಾರ ಸೊಂಟದಲ್ಲಿತ್ತು, ಯಾರ ಕಡೆ ತಿರುಗಿತ್ತು ಎಂದೂ ಕೇಳಬೇಕು. ಆಗಲೇ ಅದು ಚರಿತ್ರೆ.