ನಾಗರಹೊಳೆಯ ಹುಲಿ ಗಣತಿ ಮತ್ತು ಫ್ಲ್ಯಾಶ್ ಬೆಳಕು

ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಕೊಡಗಿನವರೆಗೆ ಹಬ್ಬಿರುವ ನಾಗರಹೊಳೆಯ ಕಾಡಿನಲ್ಲಿ ಕ್ಯಾಮೆರಾದ ಫ್ಲ್ಯಾಶ್, ಅಂದರೆ ಕ್ಷಣಮಾತ್ರ ಹೊಮ್ಮುವ ಕೃತಕ ಬೆಳಕು, ಹುಲಿಗಳನ್ನು ಎಣಿಸುವ ವಿಜ್ಞಾನಕ್ಕೇ ಆಧಾರವಾಯಿತು. ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲೇ ಹುಲಿಯ ದಾರಿಗೆ ತಂತಿ ಕಟ್ಟಿ, ಅದು ತಗುಲಿದೊಡನೆ ಫ್ಲ್ಯಾಶ್ ಹೊತ್ತುವಂತೆ ಮಾಡಿ ಚಿತ್ರ ತೆಗೆದಿದ್ದರೂ, ಆ ಉಪಾಯ ಗಣತಿಯ ಖಚಿತ ವಿಧಾನವಾಗಿ ಬೆಳೆದದ್ದು 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಇಲ್ಲಿ ನಡೆಸಿದ ಅಧ್ಯಯನದಿಂದ.

ಒಂದೊಂದು ಹುಲಿಯನ್ನೂ ಅದರ ಪಟ್ಟೆಗಳಿಂದಲೇ ಗುರುತಿಸಲಾಗುತ್ತದೆ. ಎಡಮೈಯ ಪಟ್ಟೆಗಳು ಬಲಮೈಯ ಪಟ್ಟೆಗಳಂತಿರುವುದಿಲ್ಲವಾದ್ದರಿಂದ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾಗಳನ್ನು ನಿಲ್ಲಿಸಲಾಗುತ್ತದೆ; ಪ್ರಾಣಿ ಹಾಯ್ದೊಡನೆ ಫ್ಲ್ಯಾಶ್ ಮಿಂಚಿ, ಕಗ್ಗತ್ತಲಲ್ಲೂ ಪಟ್ಟೆಗಳು ಸ್ಪಷ್ಟವಾಗಿ ಮೂಡುತ್ತವೆ. ಒಂದೇ ಹುಲಿ ಎಷ್ಟು ಬಾರಿ ಮರಳಿ ಸಿಕ್ಕಿತೆಂಬ ಲೆಕ್ಕದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಈ ಕ್ರಮವನ್ನು ಕಾರಂತರು 1995ರಲ್ಲಿ ಪ್ರಕಟಿಸಿದರು. ಹೆಜ್ಜೆಗುರುತು ನೋಡಿ ಎಣಿಸುವ ಹಳೆಯ ಪದ್ಧತಿಗಿಂತ ಇದು ನಿಸ್ಸಂದೇಹವಾಗಿ ಹೆಚ್ಚು ವಿಶ್ವಾಸಾರ್ಹ. ಸಾಮಾನ್ಯವಾಗಿ 36 ಚಿತ್ರಗಳಿಗೆ ಮುಗಿಯುತ್ತಿದ್ದ ಫಿಲ್ಮ್ ಸುರುಳಿಯ ಮಿತಿಯನ್ನು ಮುಂದೆ ಡಿಜಿಟಲ್ ಕ್ಯಾಮೆರಾ ನೀಗಿಸಿತು. ಅವಕೆಂಪು ಬೆಳಕಿನ, ಎಂದರೆ ಕಣ್ಣಿಗೆ ಕಾಣದ ಕಿರಣದ, ಫ್ಲ್ಯಾಶ್ ಬಂದ ಮೇಲೂ ಪಟ್ಟೆ ಗುರುತಿಸಲು ಬಿಳಿ ಫ್ಲ್ಯಾಶ್ ಬಳಕೆಯಲ್ಲಿ ಉಳಿದಿದೆ. ಓಡಾಡುವ ಹುಲಿಯ ಚಿತ್ರ ಅದರಲ್ಲಿ ಮಸುಕಾಗುವುದು ಕಡಿಮೆ.