ಪೂರ್ವಿಕರ ಶಯನವಿಧಿ

ಹಗಲಿನ ವ್ಯವಹಾರಗಳು ಮುಗಿದ ಮೇಲೆ ಕಾಲು ತೊಳೆದು, ದೀಪವನ್ನು ತಗ್ಗಿಸಿ, ಹಾಸಿಗೆಯನ್ನು ಬಿಡಿಸಿ ಮಲಗುವುದು ಎಲ್ಲ ಮನೆಗಳಲ್ಲಿಯೂ ನಡೆದುಬಂದಿರುವ ಸಾಮಾನ್ಯ ಕ್ರಮವು. ಸಾಮಾನ್ಯವಾದುದೆಂಬ ಕಾರಣದಿಂದಲೇ ಚರಿತ್ರಕಾರರ ದೃಷ್ಟಿಯು ಅದರ ಕಡೆಗೆ ಹರಿಯುವುದು ವಿರಳ. ಯುದ್ಧಗಳೂ ದತ್ತಿಗಳೂ ವಂಶಾವಳಿಗಳೂ ಶಾಸನಗಳಲ್ಲಿ ದೊರೆಯುವುವು. ನಿದ್ರೆಗೆ ಮುಂಚಿನ ಆ ಅಲ್ಪಕಾಲದ ಸುಖವು ಅಲ್ಲಿ ದೊರೆಯುವುದಿಲ್ಲ. ಆದರೆ ಪ್ರಾಚೀನ ಶಾಸ್ತ್ರಗ್ರಂಥಗಳನ್ನು ಪರಿಶೀಲಿಸಿದರೆ, ನಮ್ಮ ಪೂರ್ವಿಕರು ಅದನ್ನು ಅಲಕ್ಷ್ಯ ಮಾಡಿರಲಿಲ್ಲವೆಂಬುದು ವಿಶದವಾಗುವುದು.

ಸುಖದುಃಖಗಳು, ಪುಷ್ಟಿಕಾರ್ಶ್ಯಗಳು, ಬಲಾಬಲಗಳು, ಜ್ಞಾನಾಜ್ಞಾನಗಳು, ಕಡೆಗೆ ಜೀವಿತಮರಣಗಳೂ ನಿದ್ರೆಯನ್ನೇ ಅವಲಂಬಿಸಿರುವುವೆಂಬುದು ಚರಕಸಂಹಿತೆಯ ಮತ. ಮನಸ್ಸು ಬಳಲಿ, ಇಂದ್ರಿಯಗಳು ವಿಷಯಗಳಿಂದ ಹಿಮ್ಮರಳಿದಾಗ ಮನುಷ್ಯನು ನಿದ್ರಿಸುವನೆಂದು ಆ ಗ್ರಂಥವು ವಿವರಿಸುವುದು. ನಿದ್ರೆಯು ಕೆಟ್ಟವನಿಗೆ ಅಭ್ಯಂಗ, ಸ್ನಾನ, ಹಾಲು, ಮೈಯೊತ್ತುವಿಕೆ, ಮನಸ್ಸಿಗೊಪ್ಪುವ ಗಂಧ ಮತ್ತು ಶಬ್ದ, ಹಿತವಾದ ಹಾಸಿಗೆ ಇವುಗಳನ್ನೂ, ಇವುಗಳೊಡನೆ ಉಚಿತವಾದ ಕಾಲವನ್ನೂ ಅದು ವಿಧಿಸಿದೆ. ಇಂದ್ರಿಯಗಳನ್ನು ಬಲಾತ್ಕಾರದಿಂದ ಮುಚ್ಚಲಾಗದು. ಒಂದೊಂದನ್ನೂ ಸಂತೈಸಿ ಕಳುಹಿಸಬೇಕು ಎಂಬುದೇ ಈ ಪಟ್ಟಿಯ ಅಭಿಪ್ರಾಯವೆಂದು ತೋರುವುದು. ಪಾದಗಳು ಬೆಚ್ಚಗಾದಾಗ ಅಲ್ಲಿಯ ರಕ್ತನಾಳಗಳು ಹಿಗ್ಗಿ, ಒಳಮೈಯ ಶಾಖವು ಹೊರಹೊರಟು, ನಿದ್ರೆಯು ಬೇಗನೆ ಬರುವುದೆಂದು ಇಂದಿನ ಶರೀರಶಾಸ್ತ್ರಜ್ಞರೂ ಕಂಡುಕೊಂಡಿರುವರು.

ಈ ಉಪಚಾರಗಳು ರಾಜವೈಭವದೊಡನೆ ಕೂಡಿದ ಬಗೆಯನ್ನು ಕನ್ನಡನಾಡಿನ ದೊರೆಯೊಬ್ಬನ ಗ್ರಂಥದಲ್ಲಿಯೇ ನೋಡಬಹುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಮಗನೂ ಭೂಲೋಕಮಲ್ಲನೆಂಬ ಬಿರುದುಳ್ಳವನೂ ಆದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಈ ಕೃತಿಗೆ 'ಅಭಿಲಷಿತಾರ್ಥಚಿಂತಾಮಣಿ'ಯೆಂಬ ಹೆಸರೂ ಉಂಟು. ಅದರ ಮೂರನೆಯ ವಿಂಶತಿಯು ರಾಜನ ಉಪಭೋಗಗಳಿಗೆ ಮೀಸಲಾದುದು. ಅಲ್ಲಿ ಪಾದಾಭ್ಯಂಗಕ್ಕೆ ಬೇರೆ, ಶಯ್ಯೆಗೆ ಬೇರೆ, ಧೂಪಕ್ಕೆ ಬೇರೆ ಪ್ರಕರಣಗಳಿರುವುವು. ಕಥೆ ಕೇಳುವುದನ್ನು ಮುಂದಿನ ವಿಂಶತಿಯ ವಿನೋದಗಳಲ್ಲಿ ಸೇರಿಸಿದೆ. ಒಬ್ಬ ಚಕ್ರವರ್ತಿಯು ದುರ್ಗಗಳ ಮತ್ತು ಸೈನ್ಯದ ವಿಚಾರವನ್ನು ಬರೆದ ಲೇಖನಿಯಿಂದಲೇ ಹಾಸಿಗೆಯ ವಿಚಾರವನ್ನೂ ಬರೆದನೆಂಬುದು ಗಮನಾರ್ಹ.

ಇದಕ್ಕೆ ತೀರ ವಿರುದ್ಧವಾದ ಚಿತ್ರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ 1905ರಲ್ಲಿ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿ ರಾಜನ ರಾತ್ರಿಯನ್ನು ಎಂಟು ಭಾಗ ಮಾಡಿದೆ. ಮೊದಲನೆಯ ಭಾಗದಲ್ಲಿ ಗೂಢಚಾರರ ಭೇಟಿ; ಎರಡನೆಯದರಲ್ಲಿ ಸ್ನಾನ, ಭೋಜನ, ಅಧ್ಯಯನ; ಮೂರನೆಯದರಲ್ಲಿ ವಾದ್ಯಘೋಷದೊಡನೆ ಶಯನಗೃಹಪ್ರವೇಶ; ನಾಲ್ಕು ಐದರಲ್ಲಿ ನಿದ್ರೆ; ಆರನೆಯದರಲ್ಲಿ ಮತ್ತೆ ವಾದ್ಯಘೋಷದಿಂದ ಎಚ್ಚರ. ಒಂದೊಂದು ಭಾಗವೂ ಸುಮಾರು ಒಂದೂವರೆ ಗಂಟೆಯಾಗುವುದರಿಂದ, ಅರಸನಿಗೆ ದೊರೆಯುವ ವಿಶ್ರಾಂತಿಯು ನಾಲ್ಕೂವರೆ ಗಂಟೆಯನ್ನು ಮೀರದು. ತನ್ನ ಶಕ್ತಿಗನುಸಾರವಾಗಿ ಈ ವಿಭಾಗವನ್ನು ಬದಲಿಸಿಕೊಳ್ಳಬಹುದೆಂದು ಕೌಟಿಲ್ಯನು ಅನುಮತಿಸಿರುವನೆಂಬುದೂ ನಿಜ. ಆದರೆ ಅದೇ ಗ್ರಂಥವು ಅಂತಃಪುರದ ರಕ್ಷಣೆಯನ್ನು ಹೇಳುವಾಗ, ರಾಣಿಯ ಕೋಣೆಯಲ್ಲಿ ಅಡಗಿದ್ದ ತಮ್ಮನು ಭದ್ರಸೇನನನ್ನು ಕೊಂದುದನ್ನೂ, ತಾಯಿಯ ಶಯ್ಯೆಯಲ್ಲಿ ಅವಿತಿದ್ದ ಮಗನು ಕಾರೂಷನನ್ನು ಕೊಂದುದನ್ನೂ ನಿದರ್ಶನವಾಗಿ ಕೊಡುವುದು. ಇವುಗಳನ್ನು ಬಲ್ಲ ಅರಸನಿಗೆ ಹಾಸಿಗೆಯು ಎಷ್ಟು ಮೃದುವಾಗಿದ್ದರೇನು?

ಈ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಿದವನು ದಂಡಿಯ ದಶಕುಮಾರಚರಿತದ ವಿಹಾರಭದ್ರ. ಅವನು ಕೌಟಿಲ್ಯನ ದಿನಚರಿಯನ್ನು ಒಂದೊಂದಾಗಿ ಅಣಕಿಸುತ್ತ, ಎಡೆಬಿಡದ ಚಿಂತೆಯಿಂದ ಕಳವಳಗೊಂಡ ಆ ಬಡಪಾಯಿಗೆ ನಿದ್ರಾಸುಖವೆಲ್ಲಿಯದೆಂದು ವಿದರ್ಭದ ಅನಂತವರ್ಮನನ್ನು ಕೇಳುವನು. ಪ್ರಶ್ನೆಯು ಸರಿಯಾದುದು, ಅವನು ಸೂಚಿಸಿದ ಪರಿಹಾರವು ಮಾತ್ರ ಕೆಟ್ಟುದು. ಕರ್ತವ್ಯವನ್ನೇ ಬಿಟ್ಟು ಭೋಗದಲ್ಲಿ ಮುಳುಗಿದ ಅನಂತವರ್ಮನು ಅಶ್ಮಕರಾಜನ ತಂತ್ರಕ್ಕೆ ಸಿಕ್ಕಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಶಯನಸುಖವು ಮುಗಿದ ಕೆಲಸದ ಬೆನ್ನಿಗೆ ಬರತಕ್ಕುದು. ಕೆಲಸಕ್ಕೆ ಬದಲಾಗಿ ಅದನ್ನು ಪಡೆಯಹೋದವನಿಗೆ ಅದು ಉಳಿಯಲಿಲ್ಲ.

ಅರಸನಿಗೆ ದುರ್ಲಭವಾದ ಈ ನಿಶ್ಚಿಂತೆಯನ್ನು ಭಕ್ತರು ದೇವರಿಗೆ ಸಲ್ಲಿಸಿದರು. ಉಡುಪಿಯ ಕೃಷ್ಣಮಠದಲ್ಲಿ ದಿನದ ಪೂಜೆಗಳು ಏಕಾಂತಸೇವೆಯೊಡನೆ ಮುಗಿಯುವುವು. ತಿರುಮಲೆಯಲ್ಲಿ ಭೋಗಶ್ರೀನಿವಾಸನೆಂಬ ಬೆಳ್ಳಿಯ ಮೂರ್ತಿಯನ್ನು ಮಲಗಿಸಿ, ಹಾಲು ಹಣ್ಣುಗಳನ್ನು ನಿವೇದಿಸಿ, ತಾಳ್ಳಪಾಕ ಅನ್ನಮಾಚಾರ್ಯನ ಲಾಲಿಯನ್ನು ಹಾಡುವರು. ಲೋಕರಕ್ಷಕನೆಂದು ಹಗಲೆಲ್ಲ ಮೊರೆಹೊಕ್ಕವನನ್ನು ರಾತ್ರಿಯಲ್ಲಿ ಕೂಸಿನಂತೆ ಲಾಲಿಸುವರು. ಹರಿದಾಸರ ಜೋಗುಳಗಳೂ ಇದೇ ಭಾವದಿಂದ ಹುಟ್ಟಿದುವು. ದೇವರ ತೊಟ್ಟಿಲಿಗೆ ಹೊಸೆದ ಆ ಹಾಡುಗಳು ಮನೆಯ ತೊಟ್ಟಿಲಿಗೂ ಇಳಿದು ಬಂದುವು.

ವಿದ್ಯುದ್ದೀಪಗಳು ಬಂದ ಮೇಲೆ ರಾತ್ರಿಯ ಮೇರೆಯು ಅಳಿಸಿದೆ. ಬೆಳಕು ಹೆಚ್ಚಿದಷ್ಟೂ ನಿದ್ರೆಯು ಹಿಂದೆ ಸರಿಯುವುದೆಂದು ವೈದ್ಯರು ಎಚ್ಚರಿಸುತ್ತಿರುವರು. ಚರಕನ ಪಟ್ಟಿಯಲ್ಲಿ ದುಬಾರಿಯಾದುದು ಬಹಳವಿಲ್ಲ. ಬೆಚ್ಚನೆಯ ನೀರು, ಪಾದಕ್ಕೆ ಎಣ್ಣೆ, ಒಂದು ಬಟ್ಟಲು ಹಾಲು, ಹಿರಿಯರು ಹೇಳುವ ಒಂದು ಕಥೆ, ತಗ್ಗಿದ ದೀಪ: ಇವು ಬಡವನ ಮನೆಗೂ ನಿಲುಕುವುವು. ಇವೆಲ್ಲಕ್ಕಿಂತ ಮಿಗಿಲಾಗಿ, ಪಕ್ಕದಲ್ಲಿ ಮಲಗಿದವರನ್ನು ನಂಬಿ ಕಣ್ಣು ಮುಚ್ಚುವ ಭಾಗ್ಯವುಂಟು. ಕೌಟಿಲ್ಯನ ಅರಸನಿಗೆ ಕಾವಲುಗಾರರೂ ವಾದ್ಯಗಾರರೂ ಇದ್ದರು. ಆ ಭಾಗ್ಯವೊಂದು ಇರಲಿಲ್ಲ.