ಮೈಸೂರು ದಸರಾ ಸಂಗೀತ ಮತ್ತು ಕಲಾ ಕಾರ್ಯಕ್ರಮಗಳು

ಮೈಸೂರು ದಸರಾ ಸಂಗೀತ ಮತ್ತು ಕಲಾ ಕಾರ್ಯಕ್ರಮಗಳು ಶರದೃತುವಿನ ಆಶ್ವಯುಜ ಮಾಸದಲ್ಲಿ, ಶರನ್ನವರಾತ್ರಿ ಮತ್ತು ವಿಜಯದಶಮಿಯ ಅಂಗವಾಗಿ ಕರ್ನಾಟಕದ ಮೈಸೂರು ನಗರದಲ್ಲಿ ನಡೆಯುತ್ತವೆ. ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕ, ಜಾನಪದ ಪ್ರದರ್ಶನ, ಕವಿಗೋಷ್ಠಿ ಮತ್ತು ಚಲನಚಿತ್ರೋತ್ಸವಗಳು ಇವುಗಳಲ್ಲಿ ಸೇರಿವೆ. ಒಡೆಯರ್ ಅರಸರ ದರ್ಬಾರಿನ ಭಾಗವಾಗಿದ್ದ ಈ ಕಲಾಪಗಳು 1970ರ ದಶಕದಿಂದ ರಾಜ್ಯ ಸರ್ಕಾರದ ನಾಡಹಬ್ಬದ ಭಾಗವಾಗಿವೆ. ಪೋಷಕರು ಬದಲಾದಂತೆ ಕಲಾವಿದರ ಆಯ್ಕೆಯೂ ಕೇಳುಗರ ಸ್ವರೂಪವೂ ಬದಲಾದವು.

ಹಿನ್ನೆಲೆ

ವಿಜಯನಗರದ ಮಹಾನವಮಿ ಉತ್ಸವದ ಪರಂಪರೆಯನ್ನು ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ಬಳಿಕ ರಾಜಧಾನಿಯೊಂದಿಗೆ ಉತ್ಸವವೂ ಮೈಸೂರಿಗೆ ಬಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ನವರಾತ್ರಿಯ ವಿಶೇಷ ದರ್ಬಾರು ರೂಢಿಗೆ ಬಂದಿತು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಳ್ಳುವವರೆಗೆ ಜಗನ್ಮೋಹನ ಅರಮನೆಯೇ ದರ್ಬಾರಿನ ತಾಣವಾಗಿತ್ತು.

ಆಸ್ಥಾನ ಸಂಗೀತ

ವೀಣೆ ಶೇಷಣ್ಣ (1852–1926), ಬಿಡಾರಂ ಕೃಷ್ಣಪ್ಪ (1866–1931), ಮೈಸೂರು ವಾಸುದೇವಾಚಾರ್ಯ (1865–1961) ಮತ್ತು ಪಿಟೀಲು ವಿದ್ವಾನ್ ಟಿ. ಚೌಡಯ್ಯ (1895–1967) ಅರಮನೆಯ ಆಸ್ಥಾನ ವಿದ್ವಾಂಸರಲ್ಲಿ ಪ್ರಮುಖರು. ದರ್ಬಾರಿಗೆ ಬರುವವರು ಜರಿಪೇಟ ಮತ್ತು ನಿಲುವಂಗಿ ತೊಟ್ಟು, ದರ್ಬಾರಿನ ಶಿಷ್ಟಾಚಾರಕ್ಕೆ ಒಳಪಡಬೇಕಿತ್ತು. ವಿದ್ವಾಂಸರೂ ಇದಕ್ಕೆ ಹೊರತಾಗಿರಲಿಲ್ಲ. ಬಸವಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ ಸಂಸ್ಥಾನದ ನಾಡಗೀತೆಯಾಗಿತ್ತು. ಆ ಕಾಲದ ಸಂಗೀತಗಾರರ ಸ್ವಭಾವ, ಸ್ಪರ್ಧೆ, ಸ್ನೇಹಗಳನ್ನು ಅರಿಯಲು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಇಂದಿಗೂ ಮುಖ್ಯ ಆಕರ.

ಆಸ್ಥಾನ ಕರ್ನಾಟಕ ಸಂಗೀತಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಆಗ್ರಾ ಘರಾನೆಯ ನತ್ಥನ್ ಖಾನರು ಇಲ್ಲಿ ಆಸ್ಥಾನ ಗಾಯಕರಾಗಿದ್ದರು. ಅದೇ ಘರಾನೆಯ ಫೈಯಾಜ್ ಖಾನರಿಗೆ ‘ಅಫ್ತಾಬ್-ಎ-ಮೌಸಿಕಿ’ ಎಂಬ ಬಿರುದು ಮೈಸೂರಿನಿಂದಲೇ ಸಂದಿತು. 1902ರಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ ದೇಶದಾದ್ಯಂತ ಹೆಸರಾದ ಗೌಹರ್ ಜಾನ್ 1928ರಲ್ಲಿ ಅರಮನೆಯ ಗಾಯಕಿಯಾಗಿ ನೇಮಕಗೊಂಡು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತದಲ್ಲಿಯೂ ಆಸಕ್ತಿ ಇದ್ದುದರಿಂದ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ಬ್ಯಾಂಡೂ ಇದ್ದವು.

ದಸರೆಯ ಅಧಿದೇವತೆಯಾದ ಚಾಮುಂಡೇಶ್ವರಿಯನ್ನು ಕುರಿತ ರಚನೆಗಳು ಈ ಪೋಷಣೆಯ ಅತ್ಯಂತ ಬಾಳಿಕೆಯ ಫಲ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿಯವರ ಆಶ್ರಯದಲ್ಲಿ ದೇವಿಯ ಅಷ್ಟೋತ್ತರ ನಾಮಗಳನ್ನು ಆಧರಿಸಿ 108 ಕನ್ನಡ ಕೃತಿಗಳಿಗೆ ರಾಗ ಸಂಯೋಜಿಸಿದರು. ತಮಿಳುನಾಡಿನಿಂದ ಬಂದ ವಾಗ್ಗೇಯಕಾರರೊಬ್ಬರಿಂದ ಕನ್ನಡಕ್ಕೆ ಇಷ್ಟು ದೊಡ್ಡ ಕೃತಿಗುಚ್ಛ ದೊರೆತದ್ದು ಗಮನಾರ್ಹ. ಕೊನೆಯ ಅರಸ ಜಯಚಾಮರಾಜ ಒಡೆಯರ್ ಸ್ವತಃ 94 ಕೃತಿಗಳನ್ನು ರಚಿಸಿದ್ದು, ಅವುಗಳ ಅಂಕಿತ ‘ಶ್ರೀವಿದ್ಯಾ’.

ನಾಡಹಬ್ಬವಾಗಿ ಪರಿವರ್ತನೆ

1971ರಲ್ಲಿ ರಾಜಧನ ರದ್ದಾಯಿತು. ಅರಸರು ಕುಳಿತು ಸಾಗುತ್ತಿದ್ದ 750 ಕಿಲೋಗ್ರಾಂ ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹವನ್ನು ಕೂರಿಸುವ ಪದ್ಧತಿ ಬಂದಿತು. ಹಿಂದಿನ ರಾಜವಂಶದವರು ಖಾಸಗಿ ದರ್ಬಾರನ್ನು ತಮ್ಮ ಮಟ್ಟಿಗೆ ಉಳಿಸಿಕೊಂಡರು. ಸಂಗೀತ ಕಛೇರಿಗಳು ಅರಮನೆಯ ಮುಂಭಾಗದ ತೆರೆದ ವೇದಿಕೆಗೆ ಬಂದವು. ಹಿಂದೆ ಆಹ್ವಾನಿತರಿಗೆ ಮಾತ್ರ ಸಿಗುತ್ತಿದ್ದ ಗಾಯನವನ್ನು ಈಗ ಯಾರು ಬೇಕಾದರೂ ಬಂದು ಕೇಳಬಹುದು. ಆದರೆ ಸುಮಾರು ಒಂದು ಲಕ್ಷ ದೀಪಗಳ ಅಲಂಕಾರವನ್ನು ನೋಡಲು ಬಂದ ಜನಸಮೂಹ ಆಲಾಪನೆ ಮುಗಿಯುವ ಮೊದಲೇ ಮುಂದಕ್ಕೆ ಸಾಗುವುದೂ ಉಂಟು. ಸಣ್ಣ ಸಭೆಯ ಏಕಾಗ್ರತೆಯನ್ನು ಈ ವೇದಿಕೆಯಿಂದ ನಿರೀಕ್ಷಿಸಲಾಗದು.

ರಾಜ್ಯ ಸರ್ಕಾರ ನೀಡುವ ‘ರಾಜ್ಯ ಸಂಗೀತ ವಿದ್ವಾನ್’ ಪ್ರಶಸ್ತಿಯನ್ನು ದಸರಾ ಸಂದರ್ಭದಲ್ಲಿ ಪ್ರದಾನ ಮಾಡುವ ಪರಿಪಾಠವಿದೆ. ಹಳೆಯ ಆಸ್ಥಾನ ಬಿರುದುಗಳ ನೆನಪು ಇದರಲ್ಲಿ ಕಾಣುತ್ತದೆ.

ಇತರ ವೇದಿಕೆಗಳು

ಅರಮನೆಯ ಜೊತೆಗೆ ಜಗನ್ಮೋಹನ ಅರಮನೆ, ಕಲಾಮಂದಿರ, ಪುರಭವನ ಮೊದಲಾದೆಡೆ ಏಕಕಾಲಕ್ಕೆ ಕಾರ್ಯಕ್ರಮಗಳು ನಡೆಯುತ್ತವೆ. 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣವು ನವರಾತ್ರಿಯಲ್ಲಿ ನಾಟಕಗಳನ್ನು ಪ್ರದರ್ಶಿಸುತ್ತದೆ.

ವಿಜಯದಶಮಿಯ ಮೆರವಣಿಗೆ ನಂದಿಧ್ವಜ ಪೂಜೆಯಿಂದ ಆರಂಭವಾಗುತ್ತದೆ. ಡೊಳ್ಳು ಕುಣಿತ, ವೀರಗಾಸೆ, ಕಂಸಾಳೆ, ಪೂಜಾ ಕುಣಿತಗಳ ತಂಡಗಳು ಇದರಲ್ಲಿ ಸಾಗುತ್ತವೆ. ತುಮಕೂರು, ಹಾಸನ, ಮಂಡ್ಯ ಸೀಮೆಯ ಗ್ರಾಮದೇವತೆಯ ಆರಾಧನೆಗೆ ಸೇರಿದ ಸೋಮನ ಕುಣಿತವೂ ಇಂತಹ ಮೆರವಣಿಗೆಗಳಲ್ಲಿ ಕಾಣಸಿಗುತ್ತದೆ. ಊರಿನ ಹಬ್ಬದಲ್ಲಿ ಬಣ್ಣದ ಮುಖವಾಡ ಹೊತ್ತ ‘ಸೋಮ’ ದೇವತೆಯ ಅಂಗರಕ್ಷಕ; ಮೆರವಣಿಗೆಯ ಬೀದಿಯಲ್ಲಿ ಆತ ಪ್ರದರ್ಶನದ ಕಲಾವಿದ.

ಯುವ ದಸರಾದಲ್ಲಿ ಚಲನಚಿತ್ರ ಸಂಗೀತಕ್ಕೆ ಪ್ರಾಶಸ್ತ್ಯ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಇದನ್ನು 2024ರಲ್ಲಿ ನಗರದ ಹೊರವಲಯದ ಉತ್ತನಹಳ್ಳಿ ಬಳಿಗೆ ಸ್ಥಳಾಂತರಿಸಲಾಯಿತು; ಆ ವರ್ಷ ಶ್ರೇಯಾ ಘೋಷಾಲ್, ಎ. ಆರ್. ರೆಹಮಾನ್ ಮತ್ತು ಇಳಯರಾಜ ಭಾಗವಹಿಸಿದ್ದರು.

ಚರ್ಚೆಗಳು

ಹೊರಗಿನ ತಾರಾ ಕಲಾವಿದರ ಸಂಭಾವನೆಗೂ ಸ್ಥಳೀಯ ಮತ್ತು ಜಾನಪದ ಕಲಾವಿದರ ಸಂಭಾವನೆಗೂ ಇರುವ ಅಂತರದ ಬಗ್ಗೆ ಆಕ್ಷೇಪಗಳು ಕೇಳಿಬರುತ್ತವೆ. ಅರಸರ ಅಭಿರುಚಿಯ ಸ್ಥಾನಕ್ಕೆ ಸಮಿತಿಗಳ ತೀರ್ಮಾನ ಬಂದಿದ್ದರಿಂದ ಆಯ್ಕೆಯನ್ನು ಪ್ರಶ್ನಿಸಲು ಸಾಧ್ಯವಾಗಿದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರನ್ನು ಉದ್ಘಾಟನೆಗೆ ಆಹ್ವಾನಿಸಿದ್ದನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯ ವಜಾಗೊಳಿಸಿತು. ಸರ್ವೋಚ್ಚ ನ್ಯಾಯಾಲಯವೂ ಮೇಲ್ಮನವಿಯನ್ನು ತಳ್ಳಿಹಾಕಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಿದರು. ಕೋವಿಡ್ ಕಾರಣದಿಂದ 2020 ಮತ್ತು 2021ರಲ್ಲಿ ಉತ್ಸವ ಸರಳವಾಗಿ ನಡೆದು, ಜಂಬೂಸವಾರಿ ಅರಮನೆಯ ಆವರಣಕ್ಕೆ ಸೀಮಿತವಾಗಿತ್ತು.

ಇತರ ನಗರಗಳಲ್ಲಿ

ಮಡಿಕೇರಿಯ ದಶಮಂಟಪಗಳು, ಮಂಗಳೂರಿನ ಕುದ್ರೋಳಿ ಕ್ಷೇತ್ರದ ದಸರಾ ಮತ್ತು ಶ್ರೀರಂಗಪಟ್ಟಣ ದಸರಾ ತಮ್ಮದೇ ರೂಪಗಳನ್ನು ಹೊಂದಿವೆ. ತುಮಕೂರಿನಲ್ಲಿ 2024ರಲ್ಲಿ ಜಿಲ್ಲಾಡಳಿತದ ವತಿಯಿಂದ ಸಾಂಸ್ಕೃತಿಕ ಕಾರ್ಯಕ್ರಮಗಳೊಂದಿಗೆ ದಸರಾ ಉತ್ಸವವನ್ನು ಆಚರಿಸಲಾಯಿತು.